ಹಳೇ ಮಾರುತಿ 800 ಇಂಜಿನ್ ಬಿಚ್ಚೋದು ಹೇಗೆ

ಇಂಜಿನ್ ಕೆಳಗಿಳಿಸೋ ಮುಂಚೆ ಕಂಪ್ರೆಶನ್ (ಸಿಲಿಂಡರ್ ಒಳಗೆ ಪಿಸ್ಟನ್ ಒತ್ತಿದಾಗ ಬರೋ ಒತ್ತಡ) ಚೆಕ್ ಮಾಡಿ ಮೂರೂ ಸಿಲಿಂಡರ್ ರೀಡಿಂಗ್ ಬರ್ದಿಟ್ಕೊಳ್ಳಿ, ಬಿಚ್ಚಿದ್ಮೇಲೆ ಅದು ಸಿಗಲ್ಲ. ಆಯಿಲ್ ಬೆಚ್ಚಗಿದ್ದಾಗ್ಲೇ ಇಳಿಸಿ, ಬಟ್ಟೇಲಿ ಸೋಸಿ ನೋಡಿ, ಹೊಳೆಯೋ ಚೂರು ಕಂಡ್ರೆ ಬೇರಿಂಗ್ ಮೇಲೆ ಮೊದ್ಲು ಕಣ್ಣಿಡಿ.

ಕಾರವಾರ, ಅಂಕೋಲಾ ಕಡೆ ಓಡಿದ ಗಾಡಿ ಆದ್ರೆ ಉಪ್ಪು ಗಾಳಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಗೆ ಹೋಗೋ ಪೈಪ್ ಇಂಜಿನ್ನಿಗೆ ಸೇರೋ ಭಾಗ) ನಟ್ಟೆಲ್ಲಾ ಕಚ್ಕೊಂಡಿರ್ತದೆ, ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಸ್ಪ್ರೇ ಹೊಡ್ದಿಡಿ, ಜೋರು ಮಾಡಿದ್ರೆ ಸ್ಟಡ್ ತುಂಡಾಗಿ ಡ್ರಿಲ್ ಹಾಕೋ ಕೆಲ್ಸ ಬರ್ತದೆ.

ಹೆಡ್ (ಸಿಲಿಂಡರ್ ಮೇಲೆ ಮುಚ್ಚೋ ಭಾಗ) ಬೋಲ್ಟ್ ಮಾತ್ರ ಇಂಜಿನ್ ಪೂರ್ತಿ ತಣ್ಣಗಾದ್ಮೇಲೇ, ಹೊರಗಿಂದ ಒಳಕ್ಕೆ, ಒಂದೇ ಸಲಕ್ಕೆ ಬಿಚ್ಚದೇ ಸುತ್ತು ಸುತ್ತಾಗಿ ಸಡಿಲ ಮಾಡ್ತಾ ಬನ್ನಿ, ಇಲ್ಲಾಂದ್ರೆ ಅಲ್ಯೂಮಿನಿಯಂ ಹೆಡ್ ಬೆಂಡಾಗ್ತದೆ. ಹೆಡ್ಡಿಗೂ ಬ್ಲಾಕಿಗೂ ನಡುವೆ ಇರೋ ಗ್ಯಾಸ್ಕೆಟ್ ಎಸೀಬೇಡಿ! ಎರಡು ಸಿಲಿಂಡರ್ ನಡುವೆ ಸುಟ್ಟಿದ್ಯಾ ನೋಡಿ, ರೀಡಿಂಗ್ ಕಮ್ಮಿ ಬಂದಿದ್ದಕ್ಕೆ ಕಾರಣ ಅಲ್ಲೇ ಇರ್ಬಹುದು.

ಸಿಲಿಂಡರ್ ಮೇಲ್ತುದೀಲಿ ಉಗುರು ಆಡಿಸಿ, ಅಂಚು ಸಿಕ್ರೆ ಅದನ್ನ ರಿಡ್ಜ್ ರೀಮರಲ್ಲಿ (ಆ ಅಂಚು ಕೆತ್ತಿ ತೆಗೆಯೋ ಟೂಲ್) ತೆಗೆದ್ಮೇಲೇ ಪಿಸ್ಟನ್ ಮೇಲಕ್ಕೆ ತಳ್ಳಿ. ತಳ್ಳೋ ಮುಂಚೆ ರಾಡ್ (ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರಿಸೋ ಕೋಲು) ಬೋಲ್ಟಿಗೆ ರಬ್ಬರ್ ಪೈಪ್ ತುಂಡು ತೊಡಿಸಿ, ಕ್ರ್ಯಾಂಕಿಗೆ ಗೀರು ಬೀಳಲ್ಲ.

ನಾನು ಪದೇ ಪದೇ ಹೇಳೋದು ಇದನ್ನೇ, ರಾಡನ್ನ ಕ್ರ್ಯಾಂಕಿಗೆ ಹಿಡಿಯೋ ರಾಡ್ ಕ್ಯಾಪ್, ಕ್ರ್ಯಾಂಕನ್ನ ಬ್ಲಾಕಿಗೆ ಹಿಡಿಯೋ ಮೇನ್ ಕ್ಯಾಪ್ ಯಾವ್ದೂ ಅದಲು ಬದಲಾಗ್ಬಾರ್ದು, ದಿಕ್ಕೂ ತಪ್ಪಬಾರ್ದು. ಬಿಚ್ಚೋ ಮೊದ್ಲೇ ನಂಬರ್ ಹಾಕಿ ಮೊಬೈಲಲ್ಲಿ ಫೋಟೋ ತೆಗೀರಿ, ಬೇರಿಂಗ್ ಚಿಪ್ಪೂ ಆಯಾ ಕ್ಯಾಪ್ ಜೊತೆಗೇ ಇಡಿ.

ಮಳೆಗಾಲ್ದಲ್ಲಿ ಶಿರಸಿಲಾದ್ರೂ ಅಷ್ಟೇ, ತೊಳ್ದ ಕ್ರ್ಯಾಂಕ್, ಬ್ಲಾಕ್ ಹಾಗೇ ಬಿಟ್ರೆ ಬೆಳಗಾಗೋದ್ರಲ್ಲಿ ತುಕ್ಕು ಬರ್ತದೆ, ಒರೆಸಿ ಆಯಿಲ್ ಸವರಿ ಪ್ಲಾಸ್ಟಿಕ್ ಸುತ್ತಿಟ್ಟು ಆಮೇಲೇ ಲೇತಿನವ್ರ ಹತ್ರ ಒಯ್ರಿ.