‘ರನ್’ ಅಂದರೆ ಓಡು ಮಾತ್ರವಲ್ಲ: ಕ್ಲಾಸಿನಲ್ಲಿ ನನ್ನ ಅನುಭವ

ಕನ್ನಡ ಮಾಧ್ಯಮದಿಂದ ಹೈಸ್ಕೂಲಿಗೆ ಬರುವ ಮಕ್ಕಳಿಗೆ ‘ರನ್’ ಅಂದರೆ ಓಡು, ಇಲ್ಲವೇ ಕ್ರಿಕೆಟ್ಟಿನ ರನ್. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ಈ ಒಂದು ಕ್ರಿಯಾಪದಕ್ಕೇ 645 ಅರ್ಥ ಸಿಕ್ಕಿವೆ. 1989ರ ಆವೃತ್ತಿಯಲ್ಲಿ ಮುಂದಿದ್ದದ್ದು ‘ಸೆಟ್’, ಸುಮಾರು 430 ಅರ್ಥ. ಅಷ್ಟೂ ಯಾರಿಗೂ ಬೇಕಿಲ್ಲ. ದಿನಬಳಕೆಯ ಒಂದಷ್ಟು ಅರ್ಥ ಮಕ್ಕಳ ಬಾಯಲ್ಲಿ ಸರಾಗವಾಗಿ ಬಂದರೆ ಸಾಕು.

ನಾನು ಅರ್ಥಗಳ ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ. ‘ಕನ್ನಡದಲ್ಲಿ ಏನೇನು ಓಡುತ್ತೆ ಹೇಳಿ’ ಅಂತ ಶುರು ಮಾಡುತ್ತೇನೆ. ಬಸ್ಸು, ಸಿನಿಮಾ, ವ್ಯಾಪಾರ, ‘ಪರೀಕ್ಷೇಲಿ ತಲೆ ಓಡಲ್ಲ ಸಾರ್’. ಬಸ್ಸು, ಸಿನಿಮಾ ಇಂಗ್ಲಿಷಿನಲ್ಲೂ ‘ರನ್’ ಆಗುತ್ತವೆ, ತಲೆ ಆಗುವುದಿಲ್ಲ. ಆಮೇಲೆ ಇಂಗ್ಲಿಷಿನ ಕಡೆಯಿಂದ ಬರುತ್ತೇವೆ: ಹೊಳೆ ಹರಿದರೂ, ಮೂಗು ಸೋರಿದರೂ, ಒಗೆದ ಬಟ್ಟೆ ಬಣ್ಣ ಬಿಟ್ಟರೂ ಅಲ್ಲಿ ‘ರನ್’. ಚುನಾವಣೆಗೆ ನಾವು ನಿಲ್ಲುತ್ತೇವೆ, ಬ್ರಿಟಿಷರೂ ನಿಲ್ಲುತ್ತಾರೆ, ಅಮೆರಿಕನ್ನರು ‘ರನ್’ ಮಾಡುತ್ತಾರೆ. ಮಕ್ಕಳಿಗೆ ಇದು ಬಹಳ ಇಷ್ಟ.

ನಿಜವಾಗಿ ತೊಡಕಾಗುವುದು ಬೇರೆ ಕಡೆ. ನಮ್ಮಲ್ಲಿ ಓಡು–ಓಡಿಸು, ನಡೆ–ನಡೆಸು ಅಂತ ‘ಇಸು’ ಸೇರುತ್ತದೆ. ಇಂಗ್ಲಿಷಿನಲ್ಲಿ ಬಸ್ಸು ತಾನು ಓಡಿದರೂ ‘ರನ್’, ನಿಗಮ ಅದನ್ನು ಓಡಿಸಿದರೂ ‘ರನ್’. ಆದರೆ ಸ್ಟೀರಿಂಗ್ ಹಿಡಿದು ಓಡಿಸುವ ಡ್ರೈವರ್‌ಗೆ ‘ಡ್ರೈವ್’. ಇದಕ್ಕೆ ಒಂದು ಪೀರಿಯಡ್ ಪೂರ್ತಿ ಕೊಟ್ಟರೂ ನನಗೆ ಜಾಸ್ತಿ ಅನಿಸುವುದಿಲ್ಲ.

ಒಬ್ಬ ಹುಡುಗ ‘ಮೈ ಫಾದರ್ ಈಸ್ ಡೂಯಿಂಗ್ ಹೋಟೆಲ್’ ಅಂತ ಬರೆದಿದ್ದ. ‘ಹೋಟೆಲ್ ಮಾಡ್ಕೊಂಡಿದಾರೆ’ ಅನ್ನುವ ಮನೆಮಾತು ನೇರ ಪುಸ್ತಕಕ್ಕೆ ಇಳಿದಿತ್ತು. ‘ಹೋಟೆಲ್ ಯಾರು ನಡೆಸ್ತಾರಪ್ಪ?’ ಅಂದೆ. ‘ಅಪ್ಪ ನಡೆಸ್ತಾರೆ ಸಾರ್.’ ‘ನಡೆಸೋದು ಅಂತ ಬಾಯಿಗೆ ಬಂತಲ್ಲ, ಅಲ್ಲಿ ರನ್ ಹಾಕು.’ ಅವನು ತಿದ್ದುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ಹೇಳಿದಳು: ‘ಮೈ ಮದರ್ ರನ್ಸ್ ಎ ಟೈಲರಿಂಗ್ ಶಾಪ್.’ ಯಾರೂ ಅವಳನ್ನು ಕೇಳಿರಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಪದವನ್ನು ಒಂಟಿಯಾಗಿ ಕಲಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾಷಾವಿಜ್ಞಾನಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ತಯಾರಾಗಿ 1987ರಲ್ಲಿ ಬಂದ, ಇಂಗ್ಲಿಷ್ ಕಲಿಯುವವರಿಗಾಗಿಯೇ ಇರುವ ಕೋಬಿಲ್ಡ್ ನಿಘಂಟು ಅರ್ಥವನ್ನು ಪೂರ್ಣ ವಾಕ್ಯದಲ್ಲೇ ವಿವರಿಸುತ್ತದೆ. ಯಾರು, ಏನನ್ನು ಎಂಬುದು ಆ ವಾಕ್ಯದಲ್ಲೇ ಸಿಗುತ್ತದೆ. ಮೇಷ್ಟ್ರುಗಳು ಅದನ್ನೊಮ್ಮೆ ತಿರುವಿ ಹಾಕಲಿ.

‘ರನ್ ಔಟ್ ಆಫ್’ ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಕ್ರಿಕೆಟ್ಟಿನ ರನ್‌ಔಟ್ ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮನೆಯಲ್ಲಿ ಖಾಲಿಯಾಗುವ ಸಾಮಾನುಗಳನ್ನೇ ಕೇಳಿ: ಗ್ಯಾಸ್, ಸಕ್ಕರೆ, ಮೊಬೈಲ್ ಡೇಟಾ. ಒಂದೊಂದಕ್ಕೂ ‘ವೀ ಹ್ಯಾವ್ ರನ್ ಔಟ್ ಆಫ್’ ಹಚ್ಚಿ ಜೋರಾಗಿ ಹೇಳಿಸಿ. ‘ಹ್ಯಾವ್’ ಬಂದಾಗ ‘ರ‍್ಯಾನ್’ ಅಲ್ಲ ‘ರನ್’ ಅನ್ನುವ ವ್ಯಾಕರಣವೂ ಅದರ ಜೊತೆಗೇ ಕಿವಿಗೆ ಬೀಳುತ್ತದೆ.