ಗೀರಿದ ಗಾಜಿನ ಮೇಲೆ ಓಡಿದ ಹನಿ

ಆಸ್ಟ್ರೇಲಿಯಾದ ಒಣ ಮರುಭೂಮಿಯಲ್ಲಿ ಥಾರ್ನಿ ಡೆವಿಲ್ ಎಂಬ ಓತಿ ಇದೆ. ಮೈತುಂಬ ಮುಳ್ಳು. ನೀರಲ್ಲಿ ಕಾಲಿಟ್ಟು ನಿಂತರೂ ಅದು ನೀರು ಕುಡಿಯಬಲ್ಲದು. ಹುರುಪೆಗಳ ನಡುವೆ ತೀರಾ ಸಣ್ಣ ಕಾಲುವೆಗಳಿವೆ. ನೀರು ಅವುಗಳಲ್ಲಿ ತಾನೇ ಏರಿ ಬಾಯಿಯ ಅಂಚಿಗೆ ಬರುತ್ತದೆ. ಇದನ್ನು ಓದಿದ ಮೇಲೆ ನನಗೆ ಒಂದೇ ಆಸೆ. ಅಂಥ ಮೈಯನ್ನು ನಾನೇ ಮಾಡಬೇಕು, ನೀರು ಓಡುವುದನ್ನು ಕಣ್ಣಾರೆ ನೋಡಬೇಕು.

ಮೊದಲು ಸುಲಭದ್ದು ಮಾಡಿದೆ. ಮೈಕ್ರೋಸ್ಕೋಪಿನ ಎರಡು ಗಾಜಿನ ಸ್ಲೈಡ್‌ಗಳನ್ನು ಜೋಡಿಸಿ, ಒಂದು ಅಂಚಿನಲ್ಲಿ ಬೆಂಕಿಕಡ್ಡಿ ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಹಾಕಿ ಬಣ್ಣದ ನೀರಲ್ಲಿ ನಿಲ್ಲಿಸಿದೆ. ಸಂದಿ ಕಿರಿದಾದ ಕಡೆಗೆ ನೀರು ಮೇಲೆ ಮೇಲೆ ಹತ್ತಿ ಚಂದದ ಬಾಗುಗೆರೆ ಮೂಡಿತು. 1 ಮಿಲಿಮೀಟರ್ ಸಂದಿಯಲ್ಲಿ ನೀರು ಸುಮಾರು 15 ಮಿಲಿಮೀಟರ್ ಏರುತ್ತದೆ. ಸಂದಿ ಅರ್ಧವಾದರೆ ಎತ್ತರ ಎರಡು ಪಟ್ಟು.

ಆದರೆ ಓತಿಯ ಕಾಲುವೆ ಪೂರ್ತಿ ಮುಚ್ಚಿದ ಕೊಳವೆಯಲ್ಲ, ಮೇಲ್ಗಡೆ ತೆರೆದಿರುತ್ತದೆ. ಹಾಗಾಗಿ ಪ್ಲಾಸ್ಟಿಕ್ ಸ್ಕೇಲ್ ತೆಗೆದುಕೊಂಡು ಸ್ಯಾಂಡ್ ಪೇಪರಿನಿಂದ ಉದ್ದಕ್ಕೆ, ಒಂದೇ ದಿಕ್ಕಿಗೆ ಉಜ್ಜಿದೆ. ಹನಿ ಬಿಟ್ಟೆ. ಗೀರಿನ ಉದ್ದಕ್ಕೆ ಸ್ವಲ್ಪ ಚಾಚಿಕೊಂಡು ಅಲ್ಲೇ ಕೂತುಬಿಟ್ಟಿತು. ಇನ್ನೂ ಒರಟಾಗಿ ಉಜ್ಜಿದೆ. ಊಹೂಂ, ಅಲುಗಲಿಲ್ಲ. ಒಂದು ವಾರ ಹೀಗೇ ಹೋಯಿತು.

ತಪ್ಪು ಗೀರಿನಲ್ಲಿ ಮಾತ್ರ ಇರಲಿಲ್ಲ. ನೀರು ಒಂದು ಮೇಲ್ಮೈಗೆ ಎಷ್ಟು ಒಗ್ಗುತ್ತದೆ ಎಂಬುದನ್ನು ಹನಿಯ ಅಂಚಿನ ಕೋನ ಹೇಳುತ್ತದೆ. ಇದಕ್ಕೆ ಸ್ಪರ್ಶ ಕೋನ ಎಂದು ಹೆಸರು. ಗೀರು ವಿ ಆಕಾರದಲ್ಲಿದ್ದರೆ, ಅದರ ಬಾಯಿ ತೆರೆದಿರುವ ಕೋನದ ಅರ್ಧಕ್ಕೆ ಈ ಸ್ಪರ್ಶ ಕೋನವನ್ನು ಕೂಡಿಸಿ ನೋಡಿ. ಮೊತ್ತ 90 ಡಿಗ್ರಿಗಿಂತ ಕಡಿಮೆ ಇದ್ದರಷ್ಟೇ ನೀರು ಗೀರಿನೊಳಗೆ ತಾನಾಗಿ ಓಡುತ್ತದೆ. ನನ್ನ ಸ್ಕೇಲಿನಂಥ ಪ್ಲಾಸ್ಟಿಕ್ಕಿಗೆ ಸ್ಪರ್ಶ ಕೋನವೇ 70ರ ಆಸುಪಾಸು. ಅಂದರೆ ಗೀರು ತುಂಬಾ ಚೂಪಾಗಿ, ಆಳವಾಗಿ ಇರಬೇಕು. ಸ್ಯಾಂಡ್ ಪೇಪರ್ ಕೊಡುವುದು ಅಗಲವಾದ, ಮೇಲುಮೇಲಿನ ಗೀರು. ಶುದ್ಧ ಗಾಜಿಗಾದರೆ ಕೋನ ಸೊನ್ನೆಗೆ ಹತ್ತಿರ. ಅಲ್ಲಿ ಮೇಲುಗೀರೂ ಸಾಕು!

ಗಾಜನ್ನು ನೀರು ಹಾಕಿಕೊಂಡೇ ಉಜ್ಜಿದೆ. ಒಣಗಿದ ಗಾಜಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ದಯವಿಟ್ಟು ಇದನ್ನು ಮರೆಯಬೇಡಿ. ಸೋಪಿನಲ್ಲಿ ತೊಳೆದು, ಸೋಪು ಒಂದಿಷ್ಟೂ ಉಳಿಯದಂತೆ ಜಾಲಿಸಿ, ಒಣಗಿಸಿ ಹನಿ ಬಿಟ್ಟೆ. ಗೀರುಗಳ ಉದ್ದಕ್ಕೆ ನೀರು ಸರ್ರನೆ ಓಡಿತು. ಅಡ್ಡಕ್ಕೆ ಹರಡಿದ್ದು ಬಹಳ ಕಡಿಮೆ. ಆ ಕ್ಷಣಕ್ಕೆ ನನಗಾದ ಖುಷಿ ಹೇಳತೀರದು. ಮರುದಿನ ಅದೇ ಗಾಜಿನಲ್ಲಿ ಹನಿ ನಿಂತುಬಿಟ್ಟಿತು. ಬೆರಳಿನ ಜಿಡ್ಡು ತಾಗಿತ್ತು. ಮತ್ತೆ ತೊಳೆದೆ, ಮತ್ತೆ ಓಡಿತು.

ಸಮುದ್ರದಂಚಿನ ಕಲ್ಲುಗಳ ಮೇಲೆ ಓಡಾಡುವ ಲಿಜಿಯಾ ಎಂಬ ಪುಟ್ಟ ಜೀವಿಯೂ ಇದೇ ಕೆಲಸ ಮಾಡುತ್ತದೆ. ಅದರ ಹಿಂದಿನ ಎರಡು ಜೊತೆ ಕಾಲುಗಳ ಮೇಲೆ ಕೂದಲಿನಂಥ ಸಣ್ಣ ರಚನೆಗಳ ಸಾಲಿದೆ. ಒಂದು ಬದಿಯ ಎರಡು ಕಾಲುಗಳನ್ನು ಸೇರಿಸಿ ನೀರಿಗೆ ತಾಗಿಸಿದರೆ, ನೀರು ಆ ಸಾಲು ಹಿಡಿದು ಕಿವಿರಿನ ತನಕ ಹೋಗುತ್ತದೆ.

ಇನ್ನು ಪ್ಲಾಸ್ಟಿಕ್ಕಿನ ವಿಷಯ. ಫ್ಯಾಲರೋಪ್ ಎಂಬ ಉದ್ದ ಕೊಕ್ಕಿನ ಹಕ್ಕಿ ಕೊಕ್ಕಿನ ತುದಿಯಲ್ಲಿ ಹಿಡಿದ ಹನಿಯನ್ನು ಬಾಯಿಗೆ ಏರಿಸುತ್ತದೆ. ಹೀರುವುದಿಲ್ಲ, ಕೊಕ್ಕನ್ನು ಸ್ವಲ್ಪ ತೆರೆದು ಮುಚ್ಚಿ ಮಾಡುತ್ತದೆ, ಅಷ್ಟೇ. ಮುಚ್ಚಿದಾಗ ಹನಿಯ ಮುಂದಿನ ಅಂಚು ಬಾಯಿಯ ಕಡೆ ಜರುಗುತ್ತದೆ, ತೆರೆದಾಗ ಹಿಂದಿನ ಅಂಚು ಅದರ ಜೊತೆಗೂಡುತ್ತದೆ. 2008ರಲ್ಲಿ ವಿಜ್ಞಾನಿ ಮನು ಪ್ರಕಾಶ್ ಮತ್ತು ಅವರ ಜೊತೆಗಾರರು ಇದನ್ನು ವಿವರಿಸಿದರು. ಇದಕ್ಕೆ ಹನಿಯ ಅಂಚು ಮೇಲ್ಮೈಗೆ ಒಂಚೂರು ಅಂಟಿಕೊಳ್ಳುವುದೇ ಬೇಕು. ಸೋತುಹೋದ ನನ್ನ ಸ್ಕೇಲಿನಲ್ಲಿ ಇದ್ದ ಗುಣ ಅದೇ ಅಲ್ವಾ? ಉಜ್ಜದೆ ಉಳಿದಿದ್ದ ಎರಡು ಸ್ಕೇಲ್‌ಗಳ ಒಂದು ತುದಿಗೆ ಕ್ಲಿಪ್ ಹಾಕಿ, ಇನ್ನೊಂದು ತುದಿಯಲ್ಲಿ ಹನಿಯನ್ನಿಟ್ಟು, ಮೆಲ್ಲಗೆ ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಹನಿ ಹೆಜ್ಜೆ ಹೆಜ್ಜೆಯಾಗಿ ಕ್ಲಿಪ್ಪಿನ ಕಡೆಗೆ ನಡೆಯಿತು.