ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆಯುವಾಗ

ಹಗ್ಗದ ನಡುವೆ ಒಂದು ಕೆಂಪು ಬಟ್ಟೆ ಬಿಗಿಯಾಗಿ ಕಟ್ಟಿ. ಎರಡು ಕಾರುಗಳ ನಡುವಿನ ಅಂತರ 4 ಮೀಟರ್ ಆಸುಪಾಸು ಇರಲಿ. ವಿಜಯಪುರ, ಬಾಗಲಕೋಟೆ ಪೇಟೆಯೊಳಗೆ ಸಂದು ಕಂಡರೆ ಸಾಕು, ಬೈಕಿನವರು ನುಗ್ಗುತ್ತಾರೆ. ಬರೀ ಹಗ್ಗ ಅವರಿಗೆ ಕಾಣೋದೇ ಇಲ್ಲ. ಕಾನೂನು ಕೇಳುವುದೂ ಇದನ್ನೇ: ಅಂತರ 5 ಮೀಟರ್ ದಾಟಬಾರದು, ಹಗ್ಗ ಬೇರೆಯವರಿಗೆ ಚೆನ್ನಾಗಿ ಕಾಣಬೇಕು, ಹಿಂದಿನ ಕಾರಿನ ಸ್ಟೇರಿಂಗ್ ಹಿಡಿದವರಿಗೂ ಲೈಸೆನ್ಸ್ ಇರಬೇಕು. ಇಂಗ್ಲಿಷಿನಲ್ಲಿ 'ಆನ್ ಟೋ' ಅಂತ ದಪ್ಪಗೆ ಕಪ್ಪಕ್ಷರದಲ್ಲಿ ಬರೆದ ಬಿಳಿ ರಟ್ಟು ಕೆಟ್ಟ ಕಾರಿನ ಹಿಂದಿನ ಗಾಜಿಗೆ ಬೇಕು. ಡಿಕ್ಕಿಯಲ್ಲಿ ಹಗ್ಗದ ಜೊತೆಗೇ ಇಟ್ಟುಬಿಡಿ. ನಿಯಮ ದೇಶಕ್ಕೆಲ್ಲ ಒಂದೇ, ನಿಪ್ಪಾಣಿ ದಾಟಿ ಕೊಲ್ಲಾಪುರಕ್ಕೆ ಹೋದರೂ ಬದಲಾಗಲ್ಲ. ಆದರೆ ಅನುಮತಿ ಇರುವುದು ಹತ್ತಿರದ ಗ್ಯಾರೇಜಿನವರೆಗೆ ಮಾತ್ರ. ಸುಮ್ನೆ ಜಮಖಂಡಿಯಿಂದ ಬೆಳಗಾವಿವರೆಗೆ ಎಳೆದುಕೊಂಡು ಹೋಗುವ ಹಾಗಿಲ್ಲ. ವೇಗ 20 ದಾಟಿಸಬೇಡಿ. ಹಿಂದಿನ ಕಾರಿನ ಕೀ ಆನ್‌ನಲ್ಲೇ ಇರಲಿ, ಇಲ್ಲವಾದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ಬಂದ್ ಆಗಿದ್ದರೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಕಾಲಿಗೆ ಜಾಸ್ತಿ ಬಲ ಬೇಕು. ಆಟೋಮ್ಯಾಟಿಕ್ ಮತ್ತು ಎಲೆಕ್ಟ್ರಿಕ್ ಕಾರುಗಳಿಗೆ ಈ ಉಪಾಯ ಬೇಡವೇ ಬೇಡ. ಚಕ್ರ ನೆಲದಲ್ಲಿ ಉರುಳಿದರೆ ಗೇರ್‌ಬಾಕ್ಸ್ ಅಥವಾ ಮೋಟಾರ್ ಹಾಳಾಗಬಹುದು, ಕಾರನ್ನು ಪೂರ್ತಿ ಮೇಲೆ ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಗಾಡಿಯೇ ಬೇಕು. ಬ್ರೇಕ್ ಕೆಟ್ಟ ಕಾರಿಗೂ ಹಗ್ಗ ಬೇಡ. ಕೊಲ್ಹಾರದ ಸೇತುವೆ ಮೇಲೋ, ರಾಷ್ಟ್ರೀಯ ಹೆದ್ದಾರಿಯಲ್ಲಿ ಬೇರೆಲ್ಲೋ ನಿಂತರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.